ಯರಮರಸ್ ರನ್‌ವೇಗೆ ಯಾರ ದುಡ್ಡು?

ರಾಯಚೂರಿನಲ್ಲಿ ವಿಮಾನ ನಿಲ್ದಾಣದ ಮಾತು ಬಂದರೆ ಪಕ್ಷಭೇದ ಮರೆತುಹೋಗುತ್ತದೆ. ಯರಮರಸ್ ಬಳಿಯ ಸುಮಾರು 400 ಎಕರೆಯಲ್ಲಿ ನಿಲ್ದಾಣ ಕಟ್ಟುವ ಭರವಸೆಯನ್ನು ಬಿಜೆಪಿ ಸರ್ಕಾರವೂ ಕೊಟ್ಟಿತು, ಕಾಂಗ್ರೆಸ್ ಸರ್ಕಾರವೂ ಕೊಟ್ಟಿತು. ಹಣ ಎಲ್ಲಿಂದ ಎಂದು ಕೇಳಿದರೆ ರಾಜ್ಯದ ಬೊಕ್ಕಸದ ಜೊತೆಗೆ ಇನ್ನೆರಡು ಹೆಸರು ಬರುತ್ತವೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಜಿಲ್ಲಾ ಖನಿಜ ಪ್ರತಿಷ್ಠಾನ. ಒಂದು, 371(ಜೆ) ತಿದ್ದುಪಡಿಯ ಬಲದಿಂದ ಹಿಂದುಳಿದ ಜಿಲ್ಲೆಗಳಿಗೆಂದು ಬಂದ ದುಡ್ಡು. ಇನ್ನೊಂದು, ಗಣಿಯ ದೂಳು ಕುಡಿದ ಊರುಗಳಿಗೆ ಸಲ್ಲಬೇಕಾದ ದುಡ್ಡು. ಇಷ್ಟಾದರೂ, ನಿಲ್ದಾಣವೊಂದು ಎದ್ದರೆ ಖಾಸಗಿ ಬಂಡವಾಳ ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆ ಮಾತ್ರ ಜಿಲ್ಲೆಯಲ್ಲಿ ಗಟ್ಟಿಯಾಗಿ ಬೇರೂರಿದೆ.

ಆ ನಂಬಿಕೆಗೆ ಆಧಾರ ದೇವನಹಳ್ಳಿ. 2008ರ ಮೇ 24ರಂದು ಅಲ್ಲಿ ವಿಮಾನ ಇಳಿದಾಗ ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣದ ಕಂಪನಿ, ಎಲ್ ಆ್ಯಂಡ್ ಟಿ ಸೇರಿ ಬಹುಪಾಲು ಬಂಡವಾಳ ಹೂಡಿದ್ದು ನಿಜ. ಇವತ್ತಿನ ಎರಡನೇ ಟರ್ಮಿನಲ್ ನೋಡಿದವರು ಖಾಸಗಿಯವರ ಕೈಗುಣವನ್ನು ಹೊಗಳದೆ ಇರಲಾರರು. ಆದರೆ ಆ ನಿಲ್ದಾಣದ ಕಂಪನಿ ಖಾಲಿ ಬಯಲಿಗೆ ಬಂದು ಅದೃಷ್ಟ ಪರೀಕ್ಷೆ ಮಾಡಲಿಲ್ಲ. ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕರೆಲ್ಲ ಅದರ ಮಡಿಲಿಗೆ ಬಂದರು, ಹಳೆಯ ನಿಲ್ದಾಣದ ವಾಣಿಜ್ಯ ಹಾರಾಟ ಬಂದ್ ಆಯಿತು. ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಪೈಪೋಟಿಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದೆಂಬ ಷರತ್ತೂ ಒಪ್ಪಂದದಲ್ಲಿ ಸೇರಿತು. ಮುಕ್ತ ಮಾರುಕಟ್ಟೆ ಎಂದರೆ ಇದೇ ಇರಬೇಕು!

ಬಂಡವಾಳ ಜನಸಂದಣಿಯ ಹಿಂದೆ ಹೋಗುತ್ತದೆ, ಹಿಂದುಳಿದಿರುವಿಕೆಯ ಹಿಂದೆ ಅಲ್ಲ. ಆರು ವಿಮಾನ ನಿಲ್ದಾಣಗಳ 2019ರ ಹರಾಜಿನಲ್ಲಿ ಅದಾನಿ ಸಮೂಹ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಅಹಮದಾಬಾದಿಗೆ 177 ರೂಪಾಯಿ ಕೂಗಿತು, ಮಂಗಳೂರಿಗೆ 115. ಗಲ್ಫ್ ಪ್ರಯಾಣಿಕರಿರುವ ಮಂಗಳೂರಿಗೇ ಆ ಆರರಲ್ಲಿ ಕನಿಷ್ಠ ಬೆಲೆ ಬಂತು. ರಾಯಚೂರಿಗೆ ಎಷ್ಟು ಬಂದೀತು?

ಊಹಿಸಿ ಕೂರುವ ಅಗತ್ಯವಿಲ್ಲ, ರಾಜ್ಯದ ಬೇರೆ ಜಿಲ್ಲೆಗಳೇ ಉತ್ತರ ಕೊಟ್ಟಿವೆ. 2008ರ ಹೊತ್ತಿಗೆ ಕಲಬುರಗಿ ಮತ್ತು ಶಿವಮೊಗ್ಗ ನಿಲ್ದಾಣಗಳನ್ನು ಮೇಟಾಸ್ ನೇತೃತ್ವದ ಕೂಟಕ್ಕೆ ವಹಿಸಲಾಯಿತು. ಮರುವರ್ಷ ಸತ್ಯಂ ಹಗರಣ ಸ್ಫೋಟಿಸಿತು, ಮೇಟಾಸ್ ಕೂಡ ಸತ್ಯಂ ಸ್ಥಾಪಿಸಿದ ರಾಜು ಕುಟುಂಬದ್ದೇ. ಕಾಮಗಾರಿ ವರ್ಷಗಟ್ಟಲೆ ಕುಂಟಿತು, ಕಡೆಗೆ ಒಪ್ಪಂದ ರದ್ದಾಯಿತು. ವಿಜಯಪುರ ಮತ್ತು ಬಳ್ಳಾರಿ ಮಾರ್ಗ್ ಎಂಬ ಕಂಪನಿಯ ಪಾಲಾದವು. ಬಳ್ಳಾರಿಯ ಚಾಗನೂರು, ಸಿರಿವಾರದ ರೈತರು ನೀರಾವರಿ ಜಮೀನು ಬಿಡುವುದಿಲ್ಲವೆಂದು ಬೀದಿಗಿಳಿದರೂ ಸುಮಾರು 900 ಎಕರೆ ಸ್ವಾಧೀನವಾಯಿತು. ಜಮೀನು ಹೋಯಿತು, ವಿಮಾನ ಬರಲಿಲ್ಲ. 2019ರ ನವೆಂಬರಿನಲ್ಲಿ ಕಲಬುರಗಿಯಲ್ಲೂ 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದಲ್ಲೂ ಉದ್ಘಾಟನೆಯಾಗಿದ್ದು ಲೋಕೋಪಯೋಗಿ ಇಲಾಖೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿ ಮುಗಿಸಿದ ಮೇಲೆ. ಈ ಭಾಗದಲ್ಲಿ ಖಾಸಗಿಯವರು ನಿಜಕ್ಕೂ ಕಟ್ಟಿ ನಡೆಸುತ್ತಿರುವ ನಿಲ್ದಾಣ ತೋರಣಗಲ್ಲಿನದು. ಅದೂ ಜಿಂದಾಲ್ ತನ್ನ ಉಕ್ಕಿನ ಕಾರ್ಖಾನೆಗಾಗಿ ಕಟ್ಟಿಕೊಂಡದ್ದು.

ಬೀದರಿನ ಕಥೆ ಇನ್ನೂ ಸೊಗಸು. ಟರ್ಮಿನಲ್ ಎದ್ದು ನಿಂತ ಮೇಲೂ ವರ್ಷಗಟ್ಟಲೆ ಬೀಗ. ಹೈದರಾಬಾದ್ ನಿಲ್ದಾಣದ ಕಂಪನಿಗೂ ಅದೇ 150 ಕಿ.ಮೀ. ಷರತ್ತಿನ ರಕ್ಷಣೆ ಇತ್ತು. 2020ರ ಫೆಬ್ರುವರಿಯಲ್ಲಿ ಹಾರಾಟ ಶುರುವಾಯಿತು, ನಿಂತಿತು. 2022ರಲ್ಲಿ ಮತ್ತೆ ಶುರು, 2023ರ ಕೊನೆಗೆ ಮತ್ತೆ ನಿಂತಿತು. 2025ರಲ್ಲಿ ಇನ್ನೊಮ್ಮೆ ಆರಂಭ. ಇದು ಬೀದರಿನ ಗ್ರಹಚಾರವಲ್ಲ, ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯ ಜಾಯಮಾನ. ಆ ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳ ಪೈಕಿ 371 ಮಾತ್ರ ಶುರುವಾದವು, ಮೂರು ವರ್ಷದ ಸಹಾಯಧನ ಮುಗಿದ ಮೇಲೂ ಉಳಿದದ್ದು 54 ಎಂದು 2023ರ ಸಿಎಜಿ ವರದಿಯೇ ಹೇಳಿದೆ.

ನಿಲ್ದಾಣದ ಪರ ವಾದಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹತ್ತಿ ಮಾರುಕಟ್ಟೆ, ಅಕ್ಕಿ ಗಿರಣಿಗಳು, ಹಟ್ಟಿಯ ಚಿನ್ನ, ಎರಡು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಪಕ್ಕದಲ್ಲೇ ಮಂತ್ರಾಲಯ. ರಾಜ್ಯಕ್ಕೆ ಕರೆಂಟು ಕೊಟ್ಟ ಜಿಲ್ಲೆ ಒಂದು ವಿಮಾನ ಕೇಳುವುದು ದುರಾಸೆಯೇನಲ್ಲ. ಐಐಟಿ ಧಾರವಾಡಕ್ಕೆ ಹೋಯಿತು, ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಆ ಸಿಟ್ಟೂ ಇದರಲ್ಲಿ ಸೇರಿದೆ. ಆದರೆ ಬೆಂಗಳೂರಿಗೆ ಹೋಗುವ ವ್ಯಾಪಾರಿಗೆ 2024ರಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರಾಯಚೂರಿನಲ್ಲೇ ನಿಲ್ಲುತ್ತದೆ. ಲಾಭ ನೋಡುವ ವಿಮಾನ ಕಂಪನಿ ಈ ಲೆಕ್ಕವನ್ನೂ ಹಾಕುತ್ತದೆ.

ಇನ್ನು ಜಿಲ್ಲೆಯಿಂದ ನಿಜಕ್ಕೂ ಹೊರಗೆ ಪ್ರಯಾಣ ಮಾಡುವವರು ಯಾರು? ಸುಗ್ಗಿ ಮುಗಿದ ಮೇಲೆ ಸಂಜೆ ಹೊತ್ತು ದೇವದುರ್ಗದ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು. ಜೋಳದ ಚೀಲ, ಅನ್ನದ ಡಬರಿ, ಹಗ್ಗ ಬಿಗಿದ ಕೌದಿ, ಮಡಿಲಲ್ಲಿ ಕೂಸು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟ ಕುಟುಂಬಗಳು. ದೇವದುರ್ಗಕ್ಕೆ ರೈಲಿಲ್ಲ. ಮಾನ್ವಿಯ ಮೇಲೆ ಹಾಯಬೇಕಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಈ ಮಾರ್ಗಕ್ಕೆ ರಾಜ್ಯವೂ ಪಾಲು ಕೊಡಬೇಕು, ಭೂಮಿಯನ್ನೂ ಕೊಡಬೇಕು. ತುಂಗಭದ್ರಾ ಎಡದಂಡೆಯ ನೀರಿನಲ್ಲಿ ಬೆಳೆದ ಮಾನ್ವಿಯ ಭತ್ತ ಲಾರಿಯಲ್ಲೇ ಹೊರಡುತ್ತದೆ. ಭತ್ತ ಎಟಿಆರ್ ವಿಮಾನ ಹತ್ತುವುದಿಲ್ಲ.

ಯರಮರಸ್‌ನಲ್ಲಿ ನಿಲ್ದಾಣ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ಖಾಸಗಿಯವರಿಗೆ ಅದರಲ್ಲಿ ಲಾಭ ಕಂಡರೆ ತಮ್ಮ ದುಡ್ಡು ಹಾಕಿ ಕಟ್ಟಲಿ, ಜಮೀನಿನ ಬಾಡಿಗೆಯನ್ನೂ ಕೊಡಲಿ. ಸರ್ಕಾರವೇ ಕಟ್ಟುವುದಾದರೆ ರಾಜ್ಯ ಬಜೆಟ್ಟಿನಿಂದ ಕಟ್ಟಲಿ. ಮಂಡಳಿ ಮತ್ತು ಖನಿಜ ನಿಧಿಯನ್ನು ಮುಟ್ಟದಿರಲಿ. ಸಾರ್ವಜನಿಕ ಹಣದಲ್ಲಿ ರನ್‌ವೇ ಹಾಸಿ, ಟರ್ಮಿನಲ್ ಎಬ್ಬಿಸಿ, ಆಮೇಲೆ ಗುತ್ತಿಗೆಯ ಹೆಸರಲ್ಲಿ ಯಾವುದೋ ಕಂಪನಿಗೆ ಬೀಗದ ಕೈ ಒಪ್ಪಿಸಿ ಅದನ್ನೇ ಖಾಸಗಿ ಹೂಡಿಕೆ ಎಂದು ಕರೆಯುವ ಆಟ ನಡೆಯಬಾರದು. ಟೆಂಡರಿಗೆ ಮೊದಲೇ ಯಾವ ವಿಮಾನ ಸಂಸ್ಥೆ ಎಷ್ಟು ವರ್ಷ ಹಾರಾಟಕ್ಕೆ ಬದ್ಧವಾಗಿದೆ, ಸಹಾಯಧನ ನಿಂತ ನಾಲ್ಕನೇ ವರ್ಷ ನಷ್ಟ ಯಾರ ತಲೆಗೆ ಎಂಬುದನ್ನು ಜಿಲ್ಲಾಡಳಿತ ಕನ್ನಡದಲ್ಲಿ ಪ್ರಕಟಿಸಲಿ. ಹಣದ ಮೂಲ ಹೇಳುವಾಗ ಮಂಡಳಿಯ ಹೆಸರನ್ನು ಸಲೀಸಾಗಿ ಉಚ್ಚರಿಸುವ ಶಾಸಕರು, ಮಾನ್ವಿಯ ರೈಲು ಹಳಿಗೆ ರಾಜ್ಯದ ಪಾಲು ಎಷ್ಟು ಬಾಕಿ ಇದೆ ಎಂಬುದನ್ನೂ ಅದೇ ಸಭೆಯಲ್ಲಿ ಹೇಳಲಿ.