ಸುಣ್ಣದ ನೆಲದ ಹಿತ್ತಿಲು

ಕಳೆದ ತಿಂಗಳು ವಾಚಕರೊಬ್ಬರಿಂದ ಒಂದು ಕಾಗದ ಬಂದಿತು. ಅವರು ಹೊಸ ಗೃಹಸ್ಥರು. ಸೇಡಮಿನ ಸಮೀಪದಲ್ಲಿ, ಫರಸಿಕಲ್ಲಿನ ಗಣಿಗಳ ಮಗ್ಗುಲಲ್ಲಿ ಮನೆ ಕಟ್ಟಿಸಿ ವರ್ಷವೊಂದಾಗಿದೆ. ಹಿತ್ತಿಲಲ್ಲಿ ನೆಟ್ಟ ನಿಂಬೆ, ಕರಿಬೇವು, ಸಂಪಿಗೆ ಮೂರೂ ಹಳದಿಗಟ್ಟಿ ನಿಂತಿವೆ. "ನೆಲವನ್ನು ಎರಡಡಿ ಅಗೆಯಿಸಿ ಹೊರಗೆ ಹಾಕಿಸಿ, ಹತ್ತು ಟ್ರ್ಯಾಕ್ಟರು ಕೆಂಪು ಮಣ್ಣನ್ನು ತರಿಸಬೇಕೆಂದಿದ್ದೇನೆ. ಅದಕ್ಕೆ ಮಗಳ ಹೆಸರಿನಲ್ಲಿ ಕೂಡಿಟ್ಟ ಹಣದಿಂದಲೇ ತೆಗೆಯಬೇಕಾಗಿದೆ. ತಮ್ಮ ಅಭಿಪ್ರಾಯವೇನು?" ಎಂದು ಕೇಳಿದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು: ಆ ಹಣವನ್ನು ಮುಟ್ಟಬೇಡಿರಿ. ಇದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುವುದು. ಏಕೆಂದರೆ ಇದೇ ನೆಲದಲ್ಲಿ ನಾನೂ ಒಮ್ಮೆ ಹಣವನ್ನು ಕಳೆದಿರುವೆನು. ಹಣಕ್ಕಿಂತ ದೊಡ್ಡದೊಂದನ್ನೂ ಕಳೆದಿರುವೆನು.

ಕಲಬುರಗಿ ಜಿಲ್ಲೆಯೆಂದೊಡನೆ ಎರೆಮಣ್ಣು ನೆನಪಿಗೆ ಬರುವುದು ಸಹಜ. ಆ ಮಣ್ಣು ನೀರನ್ನು ಹಿಡಿದು ಬಿಡದು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುವ ಈ ಕಲ್ಲನ್ನೇ ಶಹಾಬಾದ ಕಲ್ಲೆಂದು ಕರೆದು ಎಷ್ಟೋ ಮನೆಗಳ ನೆಲಕ್ಕೆ ಹಾಸಿದ್ದಾರೆ. ದಿಣ್ಣೆಗಳ ಮೇಲೆ, ಗಣಿಗಳ ಮಗ್ಗುಲಲ್ಲಿ ಈ ಕಲ್ಲಿನ ಮೇಲಿರುವ ಮಣ್ಣು ಕೆಲವೆಡೆ ಒಂದು ಗೇಣು ಮಾತ್ರ. ಅದರ ಕೆಳಗೆ ಕಲ್ಲಿನ ಚೂರು, ಅದರ ಕೆಳಗೆ ಬಿರುಕುಬಿಟ್ಟ ಹಾಸು. ಕೊಡ ನೀರು ಹೊಯ್ದರೆ ಜರಡಿಯಲ್ಲಿ ಹೊಯ್ದಂತೆ ಇಳಿದು ಹೋಗುವುದು.

ನಿಮ್ಮ ನೆಲ ಇಂಥದೋ ಅಲ್ಲವೋ ತಿಳಿಯಲು ಎರಡು ಸುಲಭ ಪರೀಕ್ಷೆಗಳುಂಟು. ಒಂದು ಹಿಡಿ ಒಣಮಣ್ಣಿನ ಮೇಲೆ ನಿಂಬೆಯ ರಸವನ್ನು ಹಿಂಡಿರಿ. ಸುರ್ರೆಂದು ನೊರೆಯೆದ್ದರೆ ಸುಣ್ಣ ಧಾರಾಳವಾಗಿದೆಯೆಂದು ತಿಳಿಯತಕ್ಕದ್ದು. ಎರಡನೆಯದಾಗಿ, ಒಂದಡಿ ಆಳದ ಗುಣಿಯನ್ನು ತೋಡಿ ನೀರು ತುಂಬಿರಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರವನ್ನು ನೋಡಿರಿ. ಎರಡನೆಯ ಸಲದ ನೀರು ಒಂದು ಗಂಟೆಯೊಳಗೆ ಪೂರ್ತಿ ಇಂಗಿದರೆ, ಆ ನೆಲಕ್ಕೆ ನೀರನ್ನು ಹಿಡಿದಿಡುವ ಶಕ್ತಿ ಬಹು ಕಡಿಮೆ.

ಇನ್ನು ನನ್ನ ಕಥೆ. ನನ್ನ ಗೃಹಿಣಿಯ ತೌರೂರು ಉಡುಪಿಯ ಕಡೆಯದು. ಮುರಕಲ್ಲಿನ ನೆಲ, ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಆ ಮಳೆ ನೆಲದ ಸುಣ್ಣವನ್ನೆಲ್ಲ ಯುಗಯುಗಗಳಿಂದ ತೊಳೆದು ಸಮುದ್ರಕ್ಕೆ ಸೇರಿಸಿದೆ. ಆದುದರಿಂದ ಅಲ್ಲಿಯ ಮಣ್ಣು ಹುಳಿ. ನಮ್ಮ ಮಳೆಯೋ ಏಳೆಂಟು ನೂರು ಮಿಲಿಮೀಟರು. ಸುಣ್ಣ ಇದ್ದಲ್ಲಿಯೇ ಇರುವುದು. ಇಪ್ಪತ್ತು ವರ್ಷಗಳ ಹಿಂದೆ ಈ ಮನೆಗೆ ಬಂದಾಗ ಆಕೆ ತೌರಿನ ಹಿತ್ತಿಲಿಂದ ಒಂದು ಸಂಪಿಗೆಯ ಸಸಿಯನ್ನೂ ಒಂದು ಕೇಪಳದ ಗಿಡವನ್ನೂ ಮಡಿಲಲ್ಲಿಟ್ಟುಕೊಂಡು ತಂದಳು. ಸಂಪಿಗೆಯ ಬೀಜವನ್ನು ನೆಟ್ಟು ಸಸಿಮಾಡಿದವರು ಆಕೆಯ ತಾಯಿ. ಅದೇ ವರ್ಷ ಅವರು ತೀರಿಕೊಂಡರು.

ಸಂಪಿಗೆಯನ್ನು ಬಾವಿಯ ಬಳಿ ನೆಟ್ಟೆವು. ಎರಡನೆಯ ವರ್ಷ ಚಿಗುರೆಲೆಗಳು ಹಳದಿಯಾದವು. ಆದರೆ ಎಲೆಯ ನರಗಳು ಮಾತ್ರ ಹಸುರಾಗಿದ್ದವು. ಗಿಡಕ್ಕೆ ಆಹಾರ ಸಾಲದೆಂದು ಬಗೆದು ನಾನು ಒಲೆಯ ಬೂದಿಯನ್ನು ಬುಟ್ಟಿಗಟ್ಟಲೆ ಹಾಕಿದೆನು. ಮಾರನೆಯ ವರ್ಷ ಅಂಗಡಿಯವನೊಬ್ಬನ ಮಾತು ಕೇಳಿ ಬುಡಕ್ಕೆ ಸುಣ್ಣದ ನೀರನ್ನೂ ಎರೆದೆನು. ಬೇಲಿಗೆ ಕಲ್ಲು ನಿಲ್ಲಿಸಲು ಬಂದಿದ್ದ ಗಣಿಯ ಮುದುಕನೊಬ್ಬ ಇದನ್ನು ಕಂಡು, "ಯಾಕ್ರೀ ಮಾಸ್ತರ್ರ, ಈ ನೆಲಾನೇ ಸುಣ್ಣ ಅದ. ಇದಕ್ಕ ಮತ್ತ ಸುಣ್ಣ ಉಣಸ್ತೀರೇನ್ರೀ?" ಎಂದನು. ನಾಲ್ಕು ಶಾಸ್ತ್ರಗಳ ಹೆಸರು ಬಲ್ಲ ನನಗೆ ಆ ಮಾತು ರುಚಿಸಲಿಲ್ಲ. ನಾಲ್ಕನೆಯ ಬೇಸಗೆಯಲ್ಲಿ ಸಂಪಿಗೆ ತುದಿಯಿಂದ ಒಣಗುತ್ತ ಬಂದು ಸತ್ತಿತು. ನನ್ನ ಗೃಹಿಣಿ ಒಂದು ಮಾತನ್ನೂ ಆಡಲಿಲ್ಲ. ಒಣಗಿದ ಕೊಂಬೆಯನ್ನು ಒಲೆಗೆ ಹಾಕಲು ಮಾತ್ರ ಬಿಡಲಿಲ್ಲ.

ಮುದುಕನು ಒಂದು ಮಾತಿನಲ್ಲಿ ಹೇಳಿದುದನ್ನು ನಾನು ಆಮೇಲೆ ಪುಸ್ತಕಗಳನ್ನೋದಿ ತಿಳಿದೆನು. ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತನ್ನು ನಿರ್ಮಿಸಲು ಗಿಡಕ್ಕೆ ಕಬ್ಬಿಣದ ಅಂಶ ಬೇಕು. ಸುಣ್ಣದ ನೆಲದಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದರೆ ಸುಣ್ಣದ ಕ್ಷಾರದಿಂದ ಅದು ನೀರಿನಲ್ಲಿ ಕರಗದ ರೂಪವನ್ನು ತಾಳುವುದು. ಉಗ್ರಾಣ ತುಂಬಿದ್ದರೂ ಬೀಗದ ಕೈ ಇಲ್ಲದವನ ಸ್ಥಿತಿ ಗಿಡದ್ದು. ಕಬ್ಬಿಣವು ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲವಾದುದರಿಂದ ಚಿಗುರೇ ಮೊದಲು ಹಳದಿಯಾಗುವುದು. ಹಳೆಯ ಎಲೆ ಮೊದಲು ಹಳದಿಯಾದರೆ ಅದು ಬೇರೆ ಕೊರತೆ, ಹೆಚ್ಚಾಗಿ ಸಾರಜನಕದ್ದು. ಈ ಭೇದವನ್ನು ಗೃಹಸ್ಥರು ಚೆನ್ನಾಗಿ ನೆನಪಿಡತಕ್ಕದ್ದು. ಬೂದಿಯೂ ಕ್ಷಾರವೇ, ನಾನು ಹಾಕಿದ ಒಂದೊಂದು ಬುಟ್ಟಿಯೂ ಬೀಗವನ್ನು ಬಿಗಿಮಾಡಿತು.

ಹಾಗಾದರೆ ಗಂಧಕವನ್ನು ಬೆರಸಿ ನೆಲವನ್ನು ಹುಳಿಮಾಡಬಾರದೇ ಎಂದು ಕೇಳುವವರುಂಟು. ಗಂಧಕವು ಮಣ್ಣಿನ ಸೂಕ್ಷ್ಮಜೀವಿಗಳಿಂದ ಆಮ್ಲವಾಗಿ ಸುಣ್ಣವನ್ನು ಕರಗಿಸುವುದು ನಿಜ. ಲೆಕ್ಕವನ್ನು ನೋಡೋಣ. 100 ಕಿಲೋ ಸುಣ್ಣಕಲ್ಲನ್ನು ಕರಗಿಸಲು 32 ಕಿಲೋ ಗಂಧಕ ಬೇಕು. ಒಂದು ಮೀಟರು ಉದ್ದ, ಅಗಲ, ಆಳದ ಗುಣಿಯಲ್ಲಿ ಸುಮಾರು 1300 ಕಿಲೋ ಮಣ್ಣಿರುವುದು. ಅದರಲ್ಲಿ ಹತ್ತನೆಯ ಒಂದು ಪಾಲು ಸುಣ್ಣವೆಂದರೂ 130 ಕಿಲೋ; ಒಂದೇ ಗುಣಿಗೆ 42 ಕಿಲೋ ಗಂಧಕ! ಅಷ್ಟನ್ನು ಹಾಕಿದರೂ ಗುಣಿಯ ಗೋಡೆ, ತಳ, ಬಾವಿಯ ನೀರು ಎಲ್ಲವೂ ಸುಣ್ಣವೇ. ಹಂಡೆಯ ಒಳಗೆ ಕಟ್ಟುವ ಬಿಳಿಯ ಹೊಪ್ಪಳಿಕೆಯನ್ನು ನೋಡಿದವರಿಗೆ ಆ ನೀರಿನ ಗುಣ ತಿಳಿದೇ ಇರುವುದು. ತರಿಸಿದ ಕೆಂಪು ಮಣ್ಣಿನ ಗತಿಯೂ ಇದೇ. ಕೆಲವು ವರ್ಷ ಗಿಡಗಳು ನಗುವವು. ಆಮೇಲೆ ಬೇರು ಕೆಳಗಿಳಿದಾಗ, ಬಾವಿಯ ನೀರು ಮೇಲಿಂದ ಸುಣ್ಣವನ್ನು ತಂದಾಗ, ಮತ್ತೆ ಅದೇ ಹಳದಿ.

ನೆಲವನ್ನು ಬದಲಾಯಿಸಲಾಗದು, ಆದರೆ ಸಾಕಬಹುದು. ಈ ನೆಲಕ್ಕೆ ಬೇಕಾದುದು ಒಂದೇ: ಕೊಳೆತ ಸೊಪ್ಪುಸದೆಯ ಅಂಶ. ಅದು ನೀರನ್ನು ಹಿಡಿಯುವುದು, ಕೊಳೆಯುವಾಗ ಬೇರಿನ ಸುತ್ತ ಅಲ್ಪ ಹುಳಿಯನ್ನು ಕೊಟ್ಟು ಬೀಗವನ್ನು ಸ್ವಲ್ಪ ಸಡಿಲಿಸುವುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಗಿಡ ನೆಡುವ ಮೊದಲು ನೆಲದಲ್ಲಿ ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸುವುದನ್ನು ನೆಲದ ಮೊದಲನೆಯ ಸಂಸ್ಕಾರವೆಂದು ವಿಧಿಸಿರುವನು. ಈ ಅಧ್ಯಾಯವನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಹೇಳಿದ್ದ ನಾನು ನನ್ನ ಹಿತ್ತಿಲಲ್ಲಿ ಒಂದು ಸಲವೂ ಆಚರಿಸಿರಲಿಲ್ಲ. ಈಗ ಪ್ರತಿವರ್ಷವೂ ಮೊದಲ ಮಳೆಗೆ ಸಣಬನ್ನು ಬಿತ್ತುತ್ತೇನೆ. 100 ಚದರಡಿಗೆ 40 ಗ್ರಾಂ ಬೀಜ ಸಾಕು. ಸುಮಾರು 45 ದಿನಗಳಲ್ಲಿ ಹೂ ಕಾಣುತ್ತಲೇ ಕೊಯ್ದು ಮಣ್ಣಿಗೆ ಮಗುಚುವೆನು.

ಗೊಬ್ಬರವನ್ನು ಒಮ್ಮೆಗೇ ರಾಶಿ ಹಾಕಿ ಐದು ವರ್ಷ ಮರೆಯಬಾರದು. ಗಾಳಿ, ಬಿಸಿಲು ಹೆಚ್ಚಾಗಿರುವ ಈ ಸಡಿಲ ನೆಲದಲ್ಲಿ ಅದು ಬೇಗನೆ ಕರಗಿಹೋಗುವುದು. ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಮ್ಮೆ, ದೀಪಾವಳಿಯ ಬಳಿಕ ಒಮ್ಮೆ, ಗಿಡಕ್ಕೆ ಒಂದೆರಡು ಬುಟ್ಟಿಯಂತೆ ಕಳಿತ ತಿಪ್ಪೆಗೊಬ್ಬರವನ್ನು ಕೊಡುವುದು ಲೇಸು. ಕೆರೆಯ ಹೂಳು ದೊರೆತರೆ ಅದನ್ನೂ ಬೆರಸಿರಿ. ಅದರ ಜಿಗುಟು ನೀರನ್ನು ತಡೆಯುವುದು. ಯೂರಿಯವನ್ನು ನೆಲದ ಮೇಲೆ ಎರಚಿದರೆ ಅದರ ಸಾರ ಗಾಳಿಗೆ ಹೋಗುವುದು. ಹಾಕಲೇಬೇಕಾದರೆ ಮಣ್ಣಿನಲ್ಲಿ ಮುಚ್ಚಿ ನೀರೆರೆಯಿರಿ. ಎಲುಬಿನ ಪುಡಿ ಈ ನೆಲದಲ್ಲಿ ಕರಗುವುದೇ ಇಲ್ಲವೆನ್ನಬಹುದು. ಬೂದಿ, ಸುಣ್ಣಗಳ ಹೆಸರನ್ನೇ ಎತ್ತಬಾರದು.

ನೀರಿನ ವಿಷಯ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು. ಪಾತಿಯ ತುಂಬ ನೀರು ಬಿಟ್ಟು ಕೃತಾರ್ಥರಾದೆವೆಂದುಕೊಳ್ಳುವುದು ತಪ್ಪು. ಅದರಲ್ಲಿ ಬಹುಪಾಲು ಕಲ್ಲಿನ ಬಿರುಕಿಗೆ ಸೇರುವುದು. ಸುಟ್ಟ ಮಣ್ಣಿನ ಗಡಿಗೆಯನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳವಿಡಿರಿ. ಗಡಿಗೆಯ ಮೈಯಿಂದ ನೀರು ಮೆಲ್ಲಮೆಲ್ಲನೆ ಜಿನುಗಿ ಬೇರಿಗೆ ದಕ್ಕುವುದು. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಹನಿ ನೀರಾವರಿಯೂ ಒಳ್ಳೆಯದೇ. ಆದರೆ ನಮ್ಮ ನೀರಿನ ಸುಣ್ಣದಿಂದ ಅದರ ರಂಧ್ರಗಳು ಕಟ್ಟಿಕೊಳ್ಳುವವು, ಆಗಾಗ ನೋಡುತ್ತಿರಬೇಕು. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆಯನ್ನಾಗಲಿ ತೊಗರಿಯ ಹೊಟ್ಟನ್ನಾಗಲಿ ಹೊದಿಸಿದರೆ ನೀರಿನ ಖರ್ಚು ಬಹಳ ತಗ್ಗುವುದು.

ಇನ್ನು ಗಿಡಗಳ ಆಯ್ಕೆ. ಇದೇ ಮುಖ್ಯವಾದ ಮಾತು. ದಾಳಿಂಬೆ, ಅಂಜೂರ, ಸೀತಾಫಲ, ಬೋರೆ, ನೆಲ್ಲಿ, ನುಗ್ಗೆ, ಹುಣಸೆ, ಬೇವು ಇವು ಸುಣ್ಣದ ನೆಲಕ್ಕೆ ಹೆದರುವುದಿಲ್ಲ; ನೀರು ನಿಲ್ಲದಿರುವುದು ಇವಕ್ಕೆ ಹಿತವೇ. ಗುಣಿ ತೋಡುವಾಗ ಕಲ್ಲಿನ ಹಾಸು ಸಿಕ್ಕರೆ ಹಾರೆಯಿಂದ ಅದನ್ನು ಒಡೆದು ಬಿರುಕು ಮಾಡಿಯೇ ನೆಡಬೇಕು. ಬೇರು ತಾನೇ ದಾರಿಯನ್ನು ಹುಡುಕಿಕೊಳ್ಳುವುದು. ಹೂವಿಗೆ ಕಣಗಿಲೆ, ಪಾರಿಜಾತ, ಚೆಂಡುಹೂ; ಅಡಿಗೆಗೆ ಮೆಂತ್ಯ, ಪಾಲಕ, ಈರುಳ್ಳಿ. ಬೇಲಿಯ ಸಾಲಿಗೆ ತೊಗರಿಯನ್ನು ಹಾಕಿರಿ. 2019ರಲ್ಲಿ ಭೌಗೋಳಿಕ ಸೂಚಕದ ಗೌರವ ಪಡೆದ ಕಲಬುರಗಿ ತೊಗರಿ ಸುಣ್ಣದ ಅಂಶವಿರುವ ಈ ಸೀಮೆಯದೇ ಬೆಳೆ. ನಿಂಬೆಯ ಜಾತಿ ಬೇಕೇಬೇಕೆಂದರೆ ರಂಗಪುರ ನಿಂಬೆಯ ಬೇರಿನ ಮೇಲೆ ಕಸಿಮಾಡಿದ ಸಸಿಯನ್ನು ಕೇಳಿ ತನ್ನಿರಿ. ಆ ಬೇರು ಸುಣ್ಣವನ್ನು ಇತರ ಬೇರುಗಳಿಗಿಂತ ಹೆಚ್ಚು ಸಹಿಸುವುದು.

ಈಗಾಗಲೇ ಹಳದಿಯಾದ ನಿಂಬೆ, ಕರಿಬೇವುಗಳಿಗೆ ತಾತ್ಕಾಲಿಕ ಚಿಕಿತ್ಸೆಯುಂಟು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ನಿಂಬೆಯುಪ್ಪನ್ನೂ ಕರಗಿಸಿ, ಸಂಜೆಯ ಹೊತ್ತು ಚಿಗುರಿನ ಮೇಲೆ ಸಿಂಪಡಿಸಿರಿ. ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ. ಅನ್ನಭೇದಿಯನ್ನು ಬುಡಕ್ಕೆ ಹಾಕಿದರೆ ಸುಣ್ಣವು ಅದನ್ನೂ ಬಂಧಿಸುವುದು. ಬುಡಕ್ಕೆ ಹಾಕಲು ಕೀಲೇಟು ಕಬ್ಬಿಣವೆಂಬುದು ಅಂಗಡಿಯಲ್ಲಿ ದೊರೆಯುವುದು. ಅದರಲ್ಲಿ ಇಡಿಟಿಎ ಎಂಬುದು ಸುಣ್ಣದ ನೆಲದಲ್ಲಿ ನಿಲ್ಲದು. ಇಡಿಡಿಎಚ್‌ಎ ಎಂಬ ಜಾತಿಯೇ ಕೆಲಸಮಾಡುವುದು. ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿಯೇ ಹಣ ಕೊಡತಕ್ಕದ್ದು.

ಆಕೆ ತಂದ ಕೇಪಳದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಅದೂ ನೆಲದಲ್ಲಿ ಹಳದಿಯಾಗಿ ಕೃಶವಾಗಿತ್ತು. ಸಂಪಿಗೆ ಸತ್ತ ವರ್ಷ ಅದನ್ನು ಕಿತ್ತು, ನಿಂಬೆಯ ರಸಕ್ಕೆ ನೊರೆಯೇಳದ ಕೆಂಪು ಮಣ್ಣನ್ನೂ ಎಲೆಗೊಬ್ಬರವನ್ನೂ ತುಂಬಿದ ದೊಡ್ಡ ಕುಂಡಕ್ಕೆ ವರ್ಗಾಯಿಸಿದೆವು. ಕುಡಿಯಲು ಅದಕ್ಕೆ ಮಳೆಯ ನೀರು ಮಾತ್ರ. ಹತ್ತು ಚದರ ಮೀಟರು ಮಾಳಿಗೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ 500 ಲೀಟರು ಸುಣ್ಣವಿಲ್ಲದ ನೀರಾಗುವುದು. ಮುಚ್ಚಿದ ಪೀಪಾಯಿಗಳಲ್ಲಿ ಹಿಡಿದಿಟ್ಟರೆ ಒಂದೆರಡು ಕುಂಡಗಳಿಗೆ ಬೇಸಗೆಯವರೆಗೂ ಬರುವುದು. ಹದಿನಾರು ವರ್ಷಗಳಿಂದ ಕೇಪಳ ಹೊಸ್ತಿಲ ಬಳಿ ಕೆಂಪಾಗಿ ಹೂಬಿಡುತ್ತಿದೆ. ನನ್ನ ಗೃಹಿಣಿ ಪ್ರತಿದಿನವೂ ಒಂದು ಗೊಂಚಲನ್ನು ದೇವರಿಗಿಡುವಳು. ಸಂಪಿಗೆಯ ಗುಣಿಯಲ್ಲಿ ಆಕೆಯೇ ಒಂದು ದಾಳಿಂಬೆಯನ್ನು ನೆಟ್ಟಳು. ಅದಕ್ಕೆ ನಾನು ಗೊಬ್ಬರವಲ್ಲದೆ ಬೇರೇನನ್ನೂ ಹಾಕಕೂಡದೆಂದು ಕಟ್ಟಪ್ಪಣೆ.

ಆದುದರಿಂದ, ಕಾಗದ ಬರೆದ ಮಹನೀಯರೇ, ಮಗಳ ಹಣ ಮಗಳಿಗಿರಲಿ. ಸಂಪಿಗೆಯ ಆಸೆಯನ್ನು ಬಿಡಿರಿ. ಅದರ ಹೂವು ಬೇಕಾದಾಗ ಪೇಟೆಯಿಂದ ಬರಲಿ. ನಿಂಬೆಗೂ ಕರಿಬೇವಿಗೂ ಅನ್ನಭೇದಿಯ ನೀರನ್ನು ಸಿಂಪಡಿಸಿರಿ. ಈ ಮಳೆಗೆ ಹಿತ್ತಿಲ ತುಂಬ ಸಣಬನ್ನು ಬಿತ್ತಿರಿ, ನಾಲ್ಕು ಗಡಿಗೆಗಳನ್ನು ಹೂಳಿರಿ, ಮಾಳಿಗೆಯ ನೀರಿಗೆ ಒಂದು ಪೀಪಾಯಿಯನ್ನಿಡಿರಿ, ಮಗಳ ಕೈಯಿಂದ ಒಂದು ಸೀತಾಫಲದ ಸಸಿಯನ್ನು ನೆಡಿಸಿರಿ. ಮೂರು ನಾಲ್ಕು ವರ್ಷಗಳಲ್ಲಿ ಅದು ಕಾಯಿ ಬಿಡುವಾಗ ನನಗೆ ಮತ್ತೊಂದು ಕಾಗದವನ್ನು ಬರೆಯಿರಿ.

ಬರುವ ತಿಂಗಳು, ಮಳೆಗಾಲದಲ್ಲಿ ಕುಂಡದ ಗಿಡಗಳ ಬೇರು ಕೊಳೆಯದಂತೆ ಕಾಪಾಡುವ ಕ್ರಮವನ್ನು ವಿಚಾರಿಸೋಣ.