ತೋಟಾ ಸೀಳಿದರೆ ಲಾಯವನ್ನೂ ನೋಡಿ

ಹಿತ್ತಾಳೆಯ ತೋಟಾ ಬಿರುಕು ಬಿಟ್ಟರೆ ದೂರು ಮೊದಲು ಹೋಗುವುದು ತಯಾರಕರ ಮೇಲೆ, ಆಮೇಲೆ ಮದ್ದಿನ ಮೇಲೆ, ಅದನ್ನು ಹೊತ್ತಿಸುವ ಕೇಪಿನ ಮೇಲೆ. ಹಾರಿಸಿದ ರೈಫಲ್ ತೋಟಾಗಳಿಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವ ರೂಢಿ ಅಮೆರಿಕದಲ್ಲಿ ವ್ಯಾಪಕವಾಗಿದೆ. ಅಲ್ಲೂ ಕತ್ತು ಸೀಳಿದ ತೋಟಾ ಕೈಗೆ ಬಂದರೆ ಕಂಪನಿಯ ಹೆಸರು ಕೇಳುವವರೇ ಹೆಚ್ಚು. ಆ ಲೋಹ ಎಷ್ಟು ಎಳೆತ ತಿಂದಿದೆ, ಯಾವ ಗಾಳಿಯಲ್ಲಿ ಇತ್ತು ಎಂದು ವಿಚಾರಿಸದೆ ಕೊಟ್ಟ ತೀರ್ಪು ನನ್ನ ಮಟ್ಟಿಗೆ ತೀರ್ಪೇ ಅಲ್ಲ.

ಇದಕ್ಕೆ ಬಲವಾದ ಸಾಕ್ಷಿ ಭಾರತದ ಮಳೆಗಾಲ. ಬ್ರಿಟಿಷ್ ಸೇನೆ ಇಲ್ಲಿನ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು ಯಾರೂ ಹಾರಿಸದೆ, ಇದ್ದಲ್ಲೇ ಸೀಳತೊಡಗಿದವು. ಮಳೆಗಾಲದಲ್ಲೇ ಕಾಣಿಸುತ್ತಿದ್ದುದರಿಂದ ಇಂಗ್ಲಿಷರು ಇದನ್ನು ‘ಸೀಸನ್ ಕ್ರ್ಯಾಕಿಂಗ್’ ಎಂದರು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ಇದರ ಕಾರಣವನ್ನು ಬಿಡಿಸಿಟ್ಟರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಬೆರೆತು ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತದೆ. ಅಷ್ಟರಿಂದಲೇ ತೋಟಾ ಸೀಳುವುದಿಲ್ಲ. 70 ಪಾಲು ತಾಮ್ರ, 30 ಪಾಲು ಸತುವಿನ ತಗಡನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಎಳೆದು, ಕತ್ತನ್ನು ಕಿರಿದು ಮಾಡಿ ತೋಟಾ ತಯಾರಿಸುವಾಗ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಅಮೋನಿಯಾ ಲೋಹದ ಕಣಗಳ ಅಂಚಿನಲ್ಲಿ ದಾರಿ ಕೊರೆಯುತ್ತದೆ, ಒಳಗಿನ ಬಿಗಿತ ಆ ದಾರಿಯನ್ನು ಎಳೆದು ಅಗಲಿಸುತ್ತದೆ. ಖಾಲಿ ತೋಟಾವನ್ನು ಕಾರ್ಖಾನೆಯಲ್ಲೇ ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ಅದೇ ಹಿತ್ತಾಳೆ ತಾಳಿಕೊಳ್ಳುತ್ತದೆ.

ಹಾಗಾದರೆ ಕಳಪೆ ಲೋಹ ಎಂಬುದೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಲಾಯದ ತೋಟಾಗಳ ಮಿಶ್ರಣದಲ್ಲಿ ದೋಷವಿರಲಿಲ್ಲ. ಮಿಶ್ರಣವನ್ನಷ್ಟೇ ಪರೀಕ್ಷಿಸಿದ್ದರೆ ಕಾರಣ ಎಂದಿಗೂ ಸಿಗುತ್ತಿರಲಿಲ್ಲ. ಲಾಯದ ಕಥೆ ಹಳತು, ಇಂದಿನ ತೋಟಾ ಸೀಳುವುದು ಪದೇ ಪದೇ ಹಾರಿಸಿ ಅಳತೆಗೆ ತರುವುದರಿಂದ ಎಂಬ ಆಕ್ಷೇಪ ಇನ್ನೂ ಗಟ್ಟಿ. ನಿಜ, ಪ್ರತಿ ಸಲದ ಹಿಗ್ಗು-ಕುಗ್ಗಿನಲ್ಲಿ ಕತ್ತು ಗಡಸಾಗುತ್ತದೆ. ಅದೂ ಲೋಹ ತಿಂದ ಎಳೆತದ ಲೆಕ್ಕವೇ ತಾನೆ? ಆ ಗಡಸು ಕತ್ತನ್ನು ಹೊಳಪಿಸಲು ಅಮೋನಿಯಾ ಬೆರೆತ ದ್ರಾವಣ ಬಳಸಿದರೆ ಲಾಯದ ಗಾಳಿಯನ್ನೇ ಮನೆಯೊಳಗೆ ತಂದಂತಾಯಿತು. ಕೇಪಿನ ವಿಷಯದಲ್ಲೂ ಅವಸರದ ತೀರ್ಪು ಸಾಮಾನ್ಯ. ಹಾರಿಸಿದ ಮೇಲೆ ಕೇಪು ತುಸು ಹೊರಬಂದಿದ್ದರೆ ಒತ್ತಡ ಹೆಚ್ಚಾಯಿತು ಎನ್ನುತ್ತಾರೆ. ಎಷ್ಟೋ ಸಲ ಅದು ಕಡಿಮೆ ಒತ್ತಡದ ಗುರುತು, ತೋಟಾ ಹಿಂದಕ್ಕೆ ಸರಿದು ಕೇಪನ್ನು ಮತ್ತೆ ಒಳಗೆ ಕೂರಿಸುವಷ್ಟು ಬಲ ಬಂದಿರುವುದಿಲ್ಲ.

ಬಂದೂಕು ಮುಟ್ಟದವರಿಗೂ ಇದು ಸಂಬಂಧಿಸಿದ್ದು. ಮಲೆನಾಡಿನ ಕೊಟ್ಟಿಗೆಯಲ್ಲಿ ಗಂಜಲದ ಅಮೋನಿಯಾ, ತಿಂಗಳುಗಟ್ಟಲೆ ತೇವ ಎರಡೂ ಇವೆ. ಅಲ್ಲಿ ಹಿತ್ತಾಳೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಕೂರಿಸಿದರೆ ಮೂರನೆಯದಾದ ಬಿಗಿತವೂ ಸೇರಿತು. ಸೀಳಿದ ನಲ್ಲಿಯ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಹಾಕಿ ಅಂಗಡಿಯವನನ್ನು ಬೈಯುವ ರೈತ ಮತ್ತೆ ದುಡ್ಡು ಕಳೆದುಕೊಳ್ಳುತ್ತಾನೆ. ಕೊಟ್ಟಿಗೆಗೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ನಲ್ಲಿ ಸಾಕು ಎಂದು ಮಾರುವವರೇ ಮುಂಚಿತವಾಗಿ ಹೇಳಬೇಕು.