ಮಗಳ ಮೈಮೇಲಿನ ಕಲೆ

"ನಿಮ್ಮೋರು ಕುಡಿದು ಮಕ್ಕಳಿಗೆ ಹಿಂಗೇ ಹೊಡೀತಾರಲ್ವಾ?"

ಪೀಣ್ಯದ ಶಾಲೆಯೊಂದರಲ್ಲಿ ಟೀಚರ್ ನನ್ನನ್ನ ಕೇಳಿದ್ದು. ಆರು ವರ್ಷದ ಮಗಳ ಕಾಲಿನ ನೀಲಿ ಕಲೆ ಏಟಿನದ್ದಲ್ಲ ಮೇಡಂ, ಐಟಿಪಿ ಕಾಯಿಲೆಯದ್ದು. ದೇಹದ ರೋಗನಿರೋಧಕ ಶಕ್ತಿಯೇ ಪ್ಲೇಟ್‌ಲೆಟ್ ನಾಶ ಮಾಡುತ್ತೆ. ಒಂದೂವರೆ ಲಕ್ಷಕ್ಕೆ ಕಮ್ಮಿ ಇರಬಾರದು. ಅವಳಿಗೆ 20 ಸಾವಿರಕ್ಕೆ ಇಳಿಯುತ್ತೆ. ಬೆಂಚು ತಗುಲಿದರೂ ಕಂದುತ್ತೆ. ರಿಪೋರ್ಟ್ ಕೊಟ್ಟೆ. ಮುಟ್ಟಲಿಲ್ಲ.

ಬಂಧುಗಳೇ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಇವೆ. ಐಟಿಪಿ ಇಲ್ಲ. ಹಕ್ಕು ಕೇಳೋಕೆ ಕೈಯಲ್ಲಿ ಕಾರ್ಡೂ ಇಲ್ಲ. ವರ್ಷಗಟ್ಟಲೆ ಕಾಡುವ ಐಟಿಪಿಯನ್ನೂ ಆ ಪಟ್ಟಿಗೆ ಸೇರಿಸಿ.

ಮಗುವಿನ ಮೈಮೇಲೆ ಕಲೆ ಕಂಡರೆ ಟೀಚರ್ ಕೇಳಲೇಬೇಕು. ಆದರೆ ಉತ್ತರಾನೂ ಕೇಳಿಸಿಕೊಳ್ಳಿ. ಜಾತಿ ನೋಡಿ ಉತ್ತರ ನೀವೇ ಬರ್ಕೋಬೇಡಿ.

ಜೈ ಭೀಮ್.